ನಮ್ಮ ಜಿಲ್ಲೆಯ ಚಿಕೂನ್‌ಗುನ್ಯಾ ಯಾವ ತಳಿ? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಆರೋಗ್ಯ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನವನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ನಿಮ್ಮಲ್ಲಿ ನನ್ನದು ಒಂದೇ ಬೇಡಿಕೆ. ಪ್ರತಿ ಮಳೆಗಾಲ ನಮ್ಮ ಜಿಲ್ಲೆಗಳಲ್ಲಿ ಹರಡುವ ಚಿಕೂನ್‌ಗುನ್ಯಾ ವೈರಸ್ ಯಾವ ತಳಿಯದು ಎಂದು ಪತ್ತೆ ಮಾಡಿಸಿ. ಆ ಮಳೆಗಾಲ ಮುಗಿಯುವ ಮೊದಲೇ ಅದನ್ನು ನಮಗೆ ಹೇಳಿ. ಎಷ್ಟು ಜನರಿಗೆ ಜ್ವರ ಬಂತು ಎಂಬ ಲೆಕ್ಕ ಪೇಪರಿನಲ್ಲಿ ಓದುತ್ತೇವೆ. ಬಂದಿರುವುದು ಯಾವ ವೈರಸ್, ಅದನ್ನು ಹರಡುತ್ತಿರುವುದು ಯಾವ ಸೊಳ್ಳೆ ಎಂಬುದು ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಇದು ವಿಜ್ಞಾನಿಗಳಿಗೆ ಮಾತ್ರ ಬೇಕಾದ ವಿಷಯ ಅಂತ ಅನಿಸಬಹುದು. 2008ರವರೆಗೆ ನನಗೂ ಹಾಗೇ ಅನಿಸುತ್ತಿತ್ತು.

ಆ ವರ್ಷ ಮಳೆ ಹಿಡಿದ ಮೇಲೆ ನಮ್ಮ ಊರಲ್ಲಿ ಜ್ವರ ಶುರುವಾಯಿತು. ಮೊದಲು ಪಕ್ಕದ ಮನೆಯ ಇಬ್ಬರಿಗೆ, ಆಮೇಲೆ ನಮ್ಮ ಅಮ್ಮನಿಗೆ, ಆಮೇಲೆ ನನಗೆ. ಮೂರು ನಾಲ್ಕು ದಿನ ಜ್ವರ, ಮೈಮೇಲೆ ದದ್ದು. ಜ್ವರ ಬಿಟ್ಟ ಮೇಲೆ ನಿಜವಾದ ಕಷ್ಟ. ಅಮ್ಮನಿಗೆ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಕಾಫಿ ಲೋಟ ಹಿಡಿಯಲು ಎರಡೂ ಕೈ ಬೇಕಿತ್ತು. ಬಾವಿಯಿಂದ ನೀರು ಸೇದುವುದನ್ನು ಅವತ್ತು ಬಿಟ್ಟವರು ಮತ್ತೆ ಶುರು ಮಾಡಲೇ ಇಲ್ಲ. ನಮ್ಮಲ್ಲಿ ಮರ ಹತ್ತುವವರು ಮೂವರು ಇದ್ದರು. ಮೂವರೂ ಮಲಗಿದರು. ಕೊಳೆರೋಗಕ್ಕೆ ಎರಡನೇ ಸಲ ಮದ್ದು ಬಿಡುವ ಹೊತ್ತು ಅದು. ಬಿಡಲು ಜನ ಇಲ್ಲದೆ ಎಳೆ ಅಡಿಕೆ ರಾಶಿ ರಾಶಿ ಉದುರಿತು. ಆದರೆ ಅವರಿಗೆ ಆದ ನಷ್ಟದ ಮುಂದೆ ನಮ್ಮದು ಏನೂ ಅಲ್ಲ. ಮಂಡಿ, ಕಾಲಿನ ಗಂಟು ಹಿಡಿದುಕೊಂಡ ಮನುಷ್ಯ ಮರ ಹತ್ತುವುದು ಹೇಗೆ? ಅವರಲ್ಲಿ ಒಬ್ಬರು ಮುಂದಿನ ವರ್ಷವೂ ಹತ್ತಲಿಲ್ಲ.

ನಮಗೆ ಅರ್ಥವಾಗದೇ ಇದ್ದದ್ದು ಒಂದೇ. ಇದು ನಮ್ಮ ಕಡೆಗೆ ಯಾಕೆ ಬಂತು?

ಎರಡು ವರ್ಷ ಹಿಂದೆ, 2006ರಲ್ಲಿ, ರಾಜ್ಯದಲ್ಲಿ ಚಿಕೂನ್‌ಗುನ್ಯಾ ದೊಡ್ಡದಾಗಿ ಹಬ್ಬಿತ್ತು. ದೇಶದಲ್ಲಿ ಆ ವರ್ಷ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳು. ಅದರಲ್ಲಿ ಏಳೂವರೆ ಲಕ್ಷ ಕರ್ನಾಟಕದ್ದೇ. ಅಂದರೆ ಅರ್ಧಕ್ಕಿಂತ ಜಾಸ್ತಿ. ಆದರೆ ನಮ್ಮ ಊರಿನಲ್ಲಿ ಆಗ ಒಬ್ಬರಿಗೂ ಬಂದಿರಲಿಲ್ಲ. ನಾನು ಮಕ್ಕಳಿಗೆ ಅದರ ಕಾರಣವನ್ನೂ ಹೇಳಿಕೊಟ್ಟಿದ್ದೆ. ಇದನ್ನು ಹರಡುವುದು ಈಡಿಸ್ ಈಜಿಪ್ಟೈ ಸೊಳ್ಳೆ. ಅದು ಮನೆಯೊಳಗಿನ ಸೊಳ್ಳೆ. ನಲ್ಲಿ ನೀರು ದಿನಾ ಬಾರದ ಊರುಗಳಲ್ಲಿ ಜನ ಡ್ರಮ್ಮು, ಸಿಮೆಂಟ್ ತೊಟ್ಟಿಗಳಲ್ಲಿ ನೀರು ತುಂಬಿಡುತ್ತಾರೆ. ಅಲ್ಲಿ ಅದು ಮೊಟ್ಟೆ ಇಡುತ್ತದೆ. ನಾವು ಬಾವಿ ನೀರಿನವರು, ತುಂಬಿಡುವುದು ಕಡಿಮೆ. ಹಾಗಾಗಿ ನಮಗೆ ಭಯ ಕಡಿಮೆ. ಪಾಠ ತಪ್ಪಾಗಿರಲಿಲ್ಲ. 2006ರ ವೈರಸ್‌ಗೆ ಅದು ಸರಿಯಾಗೇ ಇತ್ತು. 2008ರ ಹೊತ್ತಿಗೆ ವೈರಸ್ ಬದಲಾಗಿತ್ತು, ಪಾಠ ಬದಲಾಗಿರಲಿಲ್ಲ.

ಆ ಬದಲಾವಣೆಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ. ನನ್ನ ಬೇಡಿಕೆಯ ಬೇರು ಅಲ್ಲೇ ಇದೆ.

ಈ ವೈರಸ್ ಮೊದಲು ಸಿಕ್ಕಿದ್ದು 1952–53ರಲ್ಲಿ, ಇವತ್ತಿನ ಟಾಂಜಾನಿಯಾದ ದಕ್ಷಿಣ ಭಾಗದಲ್ಲಿ. ಅಲ್ಲಿನ ಮಕೊಂಡೆ ಜನರ ಭಾಷೆಯಲ್ಲಿ ಚಿಕೂನ್‌ಗುನ್ಯಾ ಎಂದರೆ ಬಾಗಿಸುವುದು, ಮುದುಡಿಸುವುದು. ನೋವಿನಿಂದ ಮನುಷ್ಯ ಬಾಗಿ ನಡೆಯುವುದನ್ನು ನೋಡಿ ಇಟ್ಟ ಹೆಸರು. ಇದರ ವಂಶದಲ್ಲಿ ಮೊದಲು ಗುರುತಿಸಿದ ದೊಡ್ಡ ಕವಲು ಮೂರು. ಪಶ್ಚಿಮ ಆಫ್ರಿಕಾದ್ದು ಒಂದು, ಪೂರ್ವ, ಮಧ್ಯ ಮತ್ತು ದಕ್ಷಿಣ ಆಫ್ರಿಕಾದ್ದು ಇನ್ನೊಂದು, ಏಷ್ಯಾದ್ದು ಮತ್ತೊಂದು. 1963ರಲ್ಲಿ ಕಲ್ಕತ್ತಾದಲ್ಲಿ, 1964ರಲ್ಲಿ ಮದ್ರಾಸು, ವೆಲ್ಲೂರು, ಪಾಂಡಿಚೇರಿಯಲ್ಲಿ, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಬಂದದ್ದು ಏಷ್ಯಾ ತಳಿ. ಆಮೇಲೆ ಮೂವತ್ತೆರಡು ವರ್ಷ ನಮ್ಮ ದೇಶದಲ್ಲಿ ದೊಡ್ಡ ಸದ್ದಿಲ್ಲ. 2005ರ ಕೊನೆಗೆ ಮತ್ತೆ ಕಾಣಿಸಿಕೊಂಡಾಗ ಹಳೆಯದೇ ಮರಳಿ ಬಂತು ಅಂತ ಯಾರಿಗಾದರೂ ಅನಿಸುವುದು ಸಹಜ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಅದರ ವಂಶವಾಹಿ ಬರಹದ ಅಕ್ಷರಗಳನ್ನು ಓದಿ ನೋಡಿದರು. ಅದು ಹಳೆಯದಾಗಿರಲಿಲ್ಲ, ಪೂರ್ವ, ಮಧ್ಯ ಮತ್ತು ದಕ್ಷಿಣ ಆಫ್ರಿಕಾದ ತಳಿ. ಅವರು ಓದದೇ ಹೋಗಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಅದು ಹೊರಟ ಜಾಗ ಕೆನ್ಯಾದ ಕರಾವಳಿ. 2004ರಲ್ಲಿ ಅಲ್ಲಿನ ಲಾಮು ದ್ವೀಪದಲ್ಲಿ ಶುರುವಾಯಿತು. ಆಗ ಅಲ್ಲಿ ಬರಗಾಲ. ಜನ ನೀರು ತುಂಬಿಟ್ಟುಕೊಳ್ಳುತ್ತಿದ್ದರು. ನಮ್ಮ ಬಯಲುಸೀಮೆಯ ಚಿತ್ರವೇ ಅಲ್ವಾ? ಅಲ್ಲಿಂದ ಒಂದು ಕವಲು ಕೊಮೊರೊಸ್ ದ್ವೀಪಗಳ ಕಡೆಯಿಂದ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪಕ್ಕೆ ಹೋಯಿತು. ಇನ್ನೊಂದು ಕವಲು ಬೇರೆ ದಾರಿ ಹಿಡಿದು ನಮ್ಮ ದೇಶಕ್ಕೆ ಬಂತು.

ರೀಯೂನಿಯನ್‌ನಲ್ಲಿ ಆಗಿದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆ ದ್ವೀಪದಲ್ಲಿ ಈಜಿಪ್ಟೈ ಸೊಳ್ಳೆ ತೀರಾ ಕಡಿಮೆ. ಅಲ್ಲಿ ಇದ್ದದ್ದು ಈಡಿಸ್ ಆಲ್ಬೋಪಿಕ್ಟಸ್, ಹುಲಿ ಸೊಳ್ಳೆ. ಕಪ್ಪು ಮೈ, ಬೆನ್ನಿನ ನಡುವೆ ಒಂದು ಬಿಳಿ ಗೆರೆ. ಇದು ಮನೆಯೊಳಗಿನದ್ದಲ್ಲ, ತೋಟ ಮತ್ತು ಪೊದೆಯ ಸೊಳ್ಳೆ. ಚಿಕೂನ್‌ಗುನ್ಯಾ ಇದರ ಹೊಟ್ಟೆಯೊಳಗೆ ಅಷ್ಟು ಸುಲಭವಾಗಿ ಬೆಳೆಯುತ್ತಿರಲಿಲ್ಲ. 2005ರ ಮೊದಲ ತಿಂಗಳುಗಳಲ್ಲಿ ಅಲ್ಲಿ ಸಿಕ್ಕ ವೈರಸ್‌ಗಳು ಹಳೇ ರೂಪದವೇ ಆಗಿದ್ದವು. ಕೆಲವೇ ತಿಂಗಳು ಕಳೆದು ನೋಡಿದರೆ ನೂರರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಹೊಸ ರೂಪದವು. ಎಂಟು ಲಕ್ಷದಷ್ಟು ಜನ ಇರುವ ದ್ವೀಪದಲ್ಲಿ ಸುಮಾರು 2 ಲಕ್ಷ 66 ಸಾವಿರ ಜನ ಕಾಯಿಲೆ ಬಿದ್ದರು. ಮೂವರಲ್ಲಿ ಒಬ್ಬರು.

ಬದಲಾಗಿದ್ದು ಎಷ್ಟು? ಈ ವೈರಸ್‌ನ ಇಡೀ ಬರಹ ಸುಮಾರು 11,800 ಅಕ್ಷರ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ವೈರಸ್‌ನ ಹೊರಮೈಯಲ್ಲಿ ಇ1 ಎಂಬ ಪ್ರೋಟೀನ್ ಇದೆ. ಅಮೈನೋ ಆಮ್ಲಗಳೆಂಬ 439 ಮಣಿಗಳ ಸರ ಅಂದುಕೊಳ್ಳಿ. ಅದರ 226ನೇ ಮಣಿ ಮೊದಲು ಅಲನೈನ್ ಆಗಿತ್ತು. ಒಂದು ಅಕ್ಷರ ಬದಲಾಗಿದ್ದಕ್ಕೆ ಆ ಮಣಿ ವ್ಯಾಲೀನ್ ಆಯಿತು. ಅಷ್ಟರಿಂದ ಹುಲಿ ಸೊಳ್ಳೆಯ ಹೊಟ್ಟೆಯ ಬಾಗಿಲು ತೆರೆಯಿತು. ಅಮೆರಿಕದ ಟೆಕ್ಸಸ್‌ನ ವಿಜ್ಞಾನಿಗಳು 2007ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಮೊದಲಿಗಿಂತ ಹತ್ತಾರು ಪಟ್ಟು ಕಡಿಮೆ ವೈರಸ್ ಇರುವ ರಕ್ತ ಕುಡಿದರೂ ಹುಲಿ ಸೊಳ್ಳೆಗೆ ಅದು ಅಂಟುತ್ತಿತ್ತು.

ನಾನು ಮಕ್ಕಳಿಗೆ ಬೋರ್ಡಿನ ಮೇಲೆ ‘ಹಾಲು’ ಅಂತ ಬರೆದು, ‘ಲು’ ಅಳಿಸಿ ‘ಳು’ ಬರೆದು ಇದನ್ನು ತೋರಿಸುತ್ತಿದ್ದೆ. ನಮ್ಮ ಜೀವಕೋಶಗಳು ಡಿಎನ್‌ಎ ನಕಲು ಮಾಡುವಾಗ ತಪ್ಪು ತಿದ್ದುವ ಏರ್ಪಾಡು ಇದೆ. ಆರ್‌ಎನ್‌ಎ ವೈರಸ್ ಆದ ಇದಕ್ಕೆ ಆ ಏರ್ಪಾಡು ಇಲ್ಲ. ಪ್ರತಿ ನಕಲಿನಲ್ಲೂ ಅಲ್ಲಲ್ಲಿ ತಪ್ಪು ಬೀಳುತ್ತದೆ. ಹೆಚ್ಚಿನ ತಪ್ಪುಗಳಿಂದ ಏನೂ ಆಗುವುದಿಲ್ಲ, ಇಲ್ಲವೇ ವೈರಸ್‌ಗೇ ತೊಂದರೆ. ಅಪರೂಪಕ್ಕೆ ಒಂದು ತಪ್ಪು ಆ ಊರಿನ ಸೊಳ್ಳೆಗೆ ಸರಿಯಾಗಿ ಹೊಂದಿಕೊಳ್ಳುತ್ತದೆ. ಆಗ ಅದೇ ಮುಂದೆ ಹೋಗುತ್ತದೆ.

ಇದು ಒಂದು ದ್ವೀಪದಲ್ಲಿ ಆದ ಆಕಸ್ಮಿಕ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಅದೇ 226ನೇ ಜಾಗದಲ್ಲಿ, ಅದೇ ಬದಲಾವಣೆ, ಬೇರೆ ಬೇರೆ ಕಡೆ ತಾನಾಗಿಯೇ ಆಯಿತು. ಆಫ್ರಿಕಾದ ಗ್ಯಾಬೊನ್‌ನಲ್ಲಿ ಆಯಿತು. 2007ರಲ್ಲಿ ನಮ್ಮ ಪಕ್ಕದ ಕೇರಳದಲ್ಲಿ ಆಯಿತು. ರೀಯೂನಿಯನ್‌ನಿಂದ ಯಾರೋ ತಂದದ್ದಲ್ಲ. 2006ರಲ್ಲಿ ನಮ್ಮ ದೇಶದಲ್ಲೇ ಇದ್ದ ವೈರಸ್, ಹುಲಿ ಸೊಳ್ಳೆ ಜಾಸ್ತಿ ಇರುವ ರಬ್ಬರ್ ತೋಟಗಳ ಸೀಮೆಗೆ ಬಂದಾಗ ಅಲ್ಲೇ ಬದಲಾಯಿತು. ಹುಲಿ ಸೊಳ್ಳೆ ಎಲ್ಲಿ ಜಾಸ್ತಿಯೋ ಅಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ ಎಂದು ಇದರಿಂದ ಗೊತ್ತಾಗುತ್ತದೆ.

ಇದರಲ್ಲಿ ಇನ್ನೊಂದು ಎಳೆ ಇದೆ. ಏಷ್ಯಾ ತಳಿ ಹುಲಿ ಸೊಳ್ಳೆಯ ತವರಾದ ಆಗ್ನೇಯ ಏಷ್ಯಾದಲ್ಲಿ ದಶಕಗಟ್ಟಲೆ ಇತ್ತು. ಅದು ಮಾತ್ರ ಹೀಗೆ ಬದಲಾಗಲಿಲ್ಲ. ಯಾಕೆ? ಅದರ ಇ1 ಸರದ 98ನೇ ಮಣಿ ಬೇರೆ. ಆ ಮಣಿ ಇರುವವರೆಗೆ 226ರಲ್ಲಿ ಬದಲಾವಣೆ ಆದರೂ ಪ್ರಯೋಜನ ಆಗುವುದಿಲ್ಲ. ಅಂದರೆ ‘ಚಿಕೂನ್‌ಗುನ್ಯಾ’ ಅಂತ ಬರೀ ಹೆಸರು ಹೇಳಿದರೆ ಏನೂ ಹೇಳಿದ ಹಾಗಾಗುವುದಿಲ್ಲ. ಯಾವ ತಳಿ ಎಂದು ಗೊತ್ತಾದರೆ ಮಾತ್ರ ಅದು ನಾಳೆ ಎಲ್ಲಿಗೆ ಹೋಗಬಹುದು ಎಂದು ಹೇಳಬಹುದು. ನನ್ನ ಬೇಡಿಕೆಗೆ ಇದಕ್ಕಿಂತ ದೊಡ್ಡ ಕಾರಣ ನನಗೆ ಗೊತ್ತಿಲ್ಲ.

ಕೇರಳದ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2007ರ ಬೇಸಿಗೆಯಲ್ಲಿ ಕೇರಳದಿಂದ ಇಟಲಿಗೆ ಹೋದ ಒಬ್ಬ ಪ್ರಯಾಣಿಕರ ಜೊತೆ ಈ ಹೊಸ ರೂಪದ ವೈರಸ್ ಕೂಡ ಹೋಯಿತು. ರಾವೆನ್ನಾ ಹತ್ತಿರದ ಎರಡು ಸಣ್ಣ ಹಳ್ಳಿಗಳಲ್ಲಿ ಶುರುವಾಗಿ ಇನ್ನೂರಕ್ಕಿಂತ ಜಾಸ್ತಿ ಜನ ಜ್ವರ ಬಿದ್ದರು. ಯುರೋಪಿನಲ್ಲಿ ಸೊಳ್ಳೆಯಿಂದ ಚಿಕೂನ್‌ಗುನ್ಯಾ ಹರಡಿದ್ದು ಅದೇ ಮೊದಲು. ಹಳೇ ಟಯರುಗಳ ವ್ಯಾಪಾರದ ಜೊತೆ ಹುಲಿ ಸೊಳ್ಳೆ ಮೊದಲೇ ಆ ದೇಶ ಸೇರಿತ್ತು. 2009ರ ಹೊತ್ತಿಗೆ ಕೇರಳದ ವೈರಸ್‌ನಲ್ಲಿ ಎರಡನೇ ಬದಲಾವಣೆ ಕಾಣಿಸಿತು. ಅದು ಹೊರಮೈಯ ಇನ್ನೊಂದು ಪ್ರೋಟೀನ್ ಆದ ಇ2ರ 210ನೇ ಜಾಗದಲ್ಲಿ. ಹುಲಿ ಸೊಳ್ಳೆಗೆ ಅಂಟುವ ಶಕ್ತಿ ಇನ್ನೂ ನಾಲ್ಕೈದು ಪಟ್ಟು ಏರಿತು. ಒಂದು ಮೆಟ್ಟಿಲು ಹತ್ತಿ, ಅದರ ಮೇಲೆ ನಿಂತು ಇನ್ನೊಂದು ಮೆಟ್ಟಿಲು.

ಈ ಎರಡರ ನಡುವೆ, 2008ರಲ್ಲಿ, ನಮ್ಮ ಸರದಿ. ದಕ್ಷಿಣ ಕನ್ನಡದ ರೋಗಿಗಳ ರಕ್ತವನ್ನು ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯದವರು ಪರೀಕ್ಷೆ ಮಾಡಿದರು. ಅದೇ 226ನೇ ಜಾಗದ ಬದಲಾವಣೆ ಸಿಕ್ಕಿತು. 2009ರಲ್ಲಿ ಅದು ಇಂಗ್ಲಿಷ್ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ನಾನು ಅದನ್ನು ಓದಿದ್ದು ಎಷ್ಟೋ ವರ್ಷದ ಮೇಲೆ, ಮಗಳು ಕಂಪ್ಯೂಟರಿನಲ್ಲಿ ತೆಗೆದುಕೊಟ್ಟಾಗ. ನಮ್ಮ ಊರಿಗೆ ಯಾಕೆ ಬಂತು ಎಂಬ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದರು. ಆ ವಿಜ್ಞಾನಿಗಳಿಗೆ ನಾನು ಋಣಿ. ಆದರೆ ನಮ್ಮದೇ ರಕ್ತದಿಂದ ಓದಿದ ಸುದ್ದಿ ನಮ್ಮ ಅಂಗಳಕ್ಕೆ ಬಾರದೇ ಹೋಯಿತಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಆ ಸುದ್ದಿ ಸಮಯಕ್ಕೆ ಬಂದಿದ್ದರೆ ಏನು ಮಾಡುತ್ತಿದ್ದೆವು? ತುಂಬಾ ಮಾಡುತ್ತಿದ್ದೆವು. ಆ ವರ್ಷ ನಮ್ಮ ಮನೆಗೆ ಬಂದ ಆರೋಗ್ಯ ಇಲಾಖೆಯವರು ಡ್ರಮ್ಮು ನೋಡಿದರು, ಹೂವಿನ ಕುಂಡ ನೋಡಿದರು, ಬಚ್ಚಲ ಹಂಡೆ ನೋಡಿದರು. ಎಲ್ಲ ಶುದ್ಧ ಇದೆ ಎಂದು ಬರೆದುಕೊಂಡು ಹೋದರು. ಅವರ ತಪ್ಪಲ್ಲ. ಅವರಿಗೆ ಹೇಳಿಕೊಟ್ಟದ್ದು ಮನೆಯೊಳಗಿನ ಸೊಳ್ಳೆಯನ್ನು ಹುಡುಕಲು. ಮನೆಯಿಂದ ಹತ್ತು ಹೆಜ್ಜೆ ಆಚೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳು. ಒಂದೊಂದು ಹಾಳೆಯೂ ಒಂದು ದೋಣಿಯ ಹಾಗೆ. ಒಂದು ಮಳೆಗೆ ತುಂಬುತ್ತದೆ. ಅಳಿಲು, ಇಲಿ ಕೊರೆದ ಕೊಕ್ಕೋ ಕಾಯಿಯಲ್ಲಿ ನೀರು. ಒಡೆದು ಬಿಟ್ಟ ತೆಂಗಿನ ಕರಟದಲ್ಲಿ ನೀರು. ರಬ್ಬರ್ ತೋಟದಲ್ಲಿ ಮಳೆಗೆ ಟ್ಯಾಪಿಂಗ್ ನಿಲ್ಲಿಸಿದ ಮೇಲೆ ಮರಕ್ಕೇ ಕಟ್ಟಿಟ್ಟ, ರಬ್ಬರ್ ಹಾಲು ಹಿಡಿಯುವ ಕಪ್ಪುಗಳು. ಒಂದು ಎಕರೆಯಲ್ಲಿ ನೂರಾರು ಮರ, ಮರಕ್ಕೊಂದು ಕಪ್ಪು. ಕಟ್ಟಿಗೆಯ ಮೇಲೆ ಹೊದಿಸಿದ ಟಾರ್ಪಾಲಿನ ಮಡಿಕೆಗಳಲ್ಲೂ ನೀರು. ಹುಲಿ ಸೊಳ್ಳೆಗೆ ಇವೇ ಮನೆ. ಕಪ್ಪುಗಳನ್ನು ಕವುಚಿ ಇಡಲು ಹತ್ತು ಪೈಸೆ ಖರ್ಚಿಲ್ಲ. ಹಾಳೆ ಹೆಕ್ಕಿ ಸೂರಿನಡಿ ಜೋಡಿಸಿದರೆ ಹಾಳೆ ತಟ್ಟೆ ಮಾಡುವವರು ಕೊಂಡೂ ಹೋಗುತ್ತಾರೆ. ಸೊಳ್ಳೆ ಹಗಲು ಕಚ್ಚುವುದು, ಅದೂ ತೋಟದಲ್ಲಿ ಎಂದು ಗೊತ್ತಿದ್ದರೆ ಮರ ಹತ್ತುವವರು, ಹುಲ್ಲು ಹೆರೆಯುವವರು ತುಂಬು ತೋಳಿನ ಅಂಗಿ ಹಾಕುತ್ತಿದ್ದರು. ನಾವು ಸಂಜೆ ಬಾಗಿಲು ಮುಚ್ಚಿ ರಾತ್ರಿ ಪರದೆ ಕಟ್ಟಿದೆವು. ಬೀದಿಯಲ್ಲಿ ಹೊಗೆ ಬಿಡುವ ಯಂತ್ರವೂ ಬಂತು. ಆ ಹೊಗೆ ಹಾಳೆಯ ನೀರಿನಲ್ಲಿರುವ ಮರಿಯನ್ನು ಕೊಲ್ಲುವುದಿಲ್ಲ.

ಈಗ ರಕ್ತದ ವಿಷಯ. ಇದು ಸಣ್ಣದು ಅನಿಸಬಹುದು, ಆದರೆ ಎಲ್ಲ ನಿಂತಿರುವುದು ಇದರ ಮೇಲೆ. ಚಿಕೂನ್‌ಗುನ್ಯಾ ವೈರಸ್ ರಕ್ತದಲ್ಲಿ ಚೆನ್ನಾಗಿ ಸಿಗುವುದು ಜ್ವರದ ಮೊದಲ ಐದು ದಿನ. ಆಮೇಲೆ ವೈರಸ್ ಕಡಿಮೆಯಾಗಿ, ಅದರ ವಿರುದ್ಧ ದೇಹ ಮಾಡಿದ ಪ್ರತಿಕಾಯಗಳು ಸಿಗುತ್ತವೆ. ಎಲಿಸಾ ಪರೀಕ್ಷೆ ಈ ಪ್ರತಿಕಾಯಗಳನ್ನು ಗುರುತಿಸುತ್ತದೆ. ಕಾಯಿಲೆ ಯಾವುದು ಎಂದು ತಿಳಿಯಲು ಅದು ಸಾಕು. ತಳಿ ಯಾವುದು ಎಂದು ಅದರಿಂದ ತಿಳಿಯುವುದಿಲ್ಲ. ಅದಕ್ಕೆ ವೈರಸ್ಸೇ ಬೇಕು, ಆರ್‌ಟಿ-ಪಿಸಿಆರ್ ಮಾಡಿ ಅದರ ಅಕ್ಷರಗಳನ್ನು ಓದಬೇಕು. ನಮ್ಮ ಅಮ್ಮನ ರಕ್ತ ತೆಗೆದದ್ದು ಒಂಬತ್ತನೇ ದಿನ. ಆ ಆಸ್ಪತ್ರೆಯವರು ‘ಪಾಸಿಟಿವ್’ ಅಂತ ಚೀಟಿ ಕೊಟ್ಟರು. ಆ ಟ್ಯೂಬಿನಲ್ಲಿ ಓದಲು ವೈರಸ್ ಉಳಿದಿರುವುದು ಕಷ್ಟ. ಹಳ್ಳಿಯವರು ಮೊದಲ ನಾಲ್ಕು ದಿನ ಕಷಾಯ, ಪ್ಯಾರಾಸಿಟಮಾಲ್ ಅಂತ ಮನೆಯಲ್ಲೇ ಕಳೆಯುತ್ತಾರೆ. ಹಾಗಾಗಿ ಆಶಾ ಕಾರ್ಯಕರ್ತೆಯರ ಮೂಲಕ ಒಂದು ಮಾತು ಹೋಗಬೇಕು: ಜ್ವರದ ಜೊತೆ ಗಂಟು ನೋವು ಬಂದರೆ ಐದು ದಿನದೊಳಗೆ ರಕ್ತ ಕೊಡಿ. ಎಲ್ಲರದ್ದೂ ಬೇಡ. ಒಂದು ಊರಿನಲ್ಲಿ ಜ್ವರ ಶುರುವಾದಾಗ ಮೊದಲು ಬಿದ್ದ ಕೆಲವರ ರಕ್ತ ತಣ್ಣಗೆ ಕಾಪಾಡಿ ಲ್ಯಾಬಿಗೆ ಹೋದರೆ ಸಾಕು.

ನಮ್ಮಲ್ಲಿ ಇದನ್ನು ಮಾಡಲು ಆಗುವುದಿಲ್ಲ ಎಂದು ನಾನು ನಂಬುವುದಿಲ್ಲ. 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳು ಘೋಷಣೆಯಾದದ್ದು ನಮ್ಮ ರಾಜ್ಯದಲ್ಲೇ. ಜಿನೋಮ್ ಸೀಕ್ವೆನ್ಸಿಂಗ್, ಅಂದರೆ ವೈರಸ್‌ನ ಇಡೀ ಬರಹ ಓದುವ ಕೆಲಸ, ಮಾಡಿದ್ದರಿಂದಲೇ ಗೊತ್ತಾಗಿದ್ದು. ಕೋವಿಡ್ ವೈರಸ್‌ನ ಬರಹ ಸುಮಾರು 30 ಸಾವಿರ ಅಕ್ಷರ. ಚಿಕೂನ್‌ಗುನ್ಯಾದ್ದು ಅದರ ಅರ್ಧವೂ ಇಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕ ಇದೆ, ಮಣಿಪಾಲದಲ್ಲಿ ವೈರಾಲಜಿ ಸಂಸ್ಥೆ ಇದೆ. ‘ರೂಪಾಂತರಿ’ ಎಂಬ ಪದ ಆಗ ನಮ್ಮ ಊರಿನ ಹೋಟೆಲಿನ ಬೆಂಚಿನವರೆಗೂ ಬಂದಿತ್ತು. ಜನರಿಗೆ ಅರ್ಥವಾಗುವುದಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ಹೇಳಿದರೆ ಜನ ಹೆದರುತ್ತಾರೆ ಎನ್ನುವವರೂ ಇದ್ದಾರೆ. 2006ರಲ್ಲಿ ಹೆಸರಿನಲ್ಲಿ ‘ಚಿಕನ್’ ಕೇಳಿಸಿತು ಅಂತ ಎಷ್ಟೋ ಜನ ಕೋಳಿ ತಿನ್ನುವುದನ್ನೇ ಬಿಟ್ಟಿದ್ದರು. ಸರಿಯಾದ ಮಾತು ಸಮಯಕ್ಕೆ ಬಾರದಿದ್ದರೆ ಆ ಜಾಗದಲ್ಲಿ ಸುಮ್ನೆ ಗಾಳಿಸುದ್ದಿ ಕೂರುತ್ತದೆ.

ತೋಟದವರ ಪತ್ರ ಅಂತ ಇದನ್ನು ನಮ್ಮ ಜಿಲ್ಲೆಗೆ ಮಾತ್ರ ಸೀಮಿತ ಮಾಡಬೇಡಿ. 2010ರ ದಿಲ್ಲಿಯ ವೈರಸ್‌ನಲ್ಲಿ 226ನೇ ಮಣಿ ಮತ್ತೆ ಹಳೆಯದೇ, ಅಲನೈನ್. ಬದಲಾಗಿದ್ದು ಬೇರೆ ಜಾಗ: ಇ1ರ 211 ಮತ್ತು ಇ2ರ 264. ಇವು ನಗರದ ಈಜಿಪ್ಟೈ ಸೊಳ್ಳೆಗೆ ಅನುಕೂಲವಾದ ಬದಲಾವಣೆಗಳು ಎಂದು ಆಮೇಲೆ ಪ್ರಯೋಗಗಳಿಂದ ಗೊತ್ತಾಯಿತು. ಅಂದರೆ ಬೆಂಗಳೂರಿನ ಗಲ್ಲಿಯಲ್ಲಿ ಒಂದು, ಸುಳ್ಯದ ತೋಟದಲ್ಲಿ ಇನ್ನೊಂದು ಇರಬಹುದು. ಕಲಬುರಗಿ, ತುಮಕೂರು, ಶಿವಮೊಗ್ಗ, ಉಡುಪಿ, ಎಲ್ಲದಕ್ಕೂ ಒಂದೇ ಸುತ್ತೋಲೆ ಕಳಿಸಿದರೆ ಎಲ್ಲೋ ಒಂದು ಕಡೆ ಅದು ತಪ್ಪಾಗಿಯೇ ಆಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಡೆಂಗೆಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಎಂದು ಸರ್ಕಾರ ನಿಯಮ ತಂದಿತು. ದಂಡ ಹಾಕುವ ಮೊದಲು ಯಾವ ಸೊಳ್ಳೆ, ಎಲ್ಲಿ ಹುಡುಕಬೇಕು ಎಂದು ಹೇಳಿಕೊಡುವುದು ನ್ಯಾಯ ಅಲ್ವಾ?

ಇದು ಮುಗಿದ ಕಥೆಯೂ ಅಲ್ಲ. 2005–06ರ ಆ ರೀಯೂನಿಯನ್ ದ್ವೀಪದಲ್ಲೇ 2025ರಲ್ಲಿ ಮತ್ತೆ ಬಂತು. ಮೇ ತಿಂಗಳ ಮೊದಲ ವಾರದ ಹೊತ್ತಿಗೆ 47 ಸಾವಿರಕ್ಕಿಂತ ಜಾಸ್ತಿ ಜನರಿಗೆ ಕಾಯಿಲೆ ಖಚಿತವಾಗಿತ್ತು. ಓದಿ ನೋಡಿದರೆ ಅದೇ 226ನೇ ಜಾಗ, ಅದೇ ವ್ಯಾಲೀನ್. ಅದೇ ವರ್ಷ ಜುಲೈಯಲ್ಲಿ ಚೀನಾದ ಫೋಶಾನ್ ನಗರದಲ್ಲಿ ಸಾವಿರಾರು ಜನರಿಗೆ ಬಂತು. 2006, 2008ರಲ್ಲಿ ಜ್ವರ ಬಂದವರಿಗೆ ರಕ್ಷಣೆ ಇರಬಹುದು. ಆಮೇಲೆ ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಜನ ಈ ವೈರಸ್ ನೋಡೇ ಇಲ್ಲ. ನಮ್ಮ ಶಾಲೆಗಳಲ್ಲಿ ಇವತ್ತು ಕೂತಿರುವವರು ಅವರೇ.

ಇನ್ನು ನನ್ನ ಕಡೆಯಿಂದ. ನಮ್ಮ ತೋಟ ಮೂರು ಎಕರೆ. ಅಡಿಕೆ, ಕೊಕ್ಕೋ, ಅಂಚಿಗೆ ಸ್ವಲ್ಪ ರಬ್ಬರ್. ಮಳೆ ಹಿಡಿದು ಎರಡು ಮೂರು ವಾರದ ಮೇಲೆ ನಿಮ್ಮ ಕೀಟಶಾಸ್ತ್ರದವರನ್ನು ಕಳಿಸಿ. ಹಾಳೆಯ ನೀರು, ಕೊಕ್ಕೋ ಕಾಯಿಯ ನೀರು, ಕಪ್ಪಿನ ನೀರು, ಎಲ್ಲ ಬೇರೆ ಬೇರೆ ಬಾಟಲಿಯಲ್ಲಿ ತೆಗೆದು ಇಟ್ಟಿರುತ್ತೇನೆ. ಹೈಸ್ಕೂಲಿನ ಮಕ್ಕಳಿಗೆ ಸೊಳ್ಳೆಯ ಬೆನ್ನಿನ ಗೆರೆ ನೋಡಿ ಯಾವುದು ಎಂದು ಹೇಳಲು ಕಲಿಸಿದ್ದೇನೆ. ಅವರೂ ಬರುತ್ತಾರೆ. ಬೆಳಿಗ್ಗೆ ಬಂದರೆ ಒಳ್ಳೆಯದು, ಸೊಳ್ಳೆ ಆಗ ಚೆನ್ನಾಗಿ ಸಿಗುತ್ತದೆ. ಊಟ ನಮ್ಮಲ್ಲೇ.

ಇಂತಿ,
ಸುಳ್ಯ ತಾಲ್ಲೂಕಿನ ಒಬ್ಬ ನಿವೃತ್ತ ವಿಜ್ಞಾನ ಮಾಷ್ಟ್ರು